ನಾಲ್ಕನೇ ರಾಡಿನ ಹಸಿರು ಗೆರೆ

ಮೊನ್ನೆ ಮೊನ್ನೆಯವರೆಗೂ ನಮ್ಮ ಗ್ಯಾರೇಜಿನ ಹಿಂದಿನ ಗೋಡೆಯಲ್ಲಿ ಹನ್ನೊಂದು ಮೊಳೆ ಇದ್ದವು. ಒಂದೊಂದರಲ್ಲೂ ಒಂದೊಂದು ಹಾಳಾದ ಸಾಮಾನು ನೇತಾಡುತ್ತದೆ. ತೂತು ಬಿದ್ದ ಪಿಸ್ಟನ್, ಸೊಟ್ಟಗಾದ ವಾಲ್ವ್, ಹಲ್ಲುದುರಿದ ಗೇರು. ಯಾರ ಕೈಯಲ್ಲಿ ಕೆಟ್ಟಿತೋ ಅವರ ಬಣ್ಣದ ಒಂದು ಬೊಟ್ಟು ಅದರ ಮೇಲೆ. ದೊಡ್ಡಪ್ಪ ಇದಕ್ಕೆ ಇಟ್ಟ ಹೆಸರು ಪಾಪದ ಗೋಡೆ. ನೀಲಿ, ಹಳದಿ, ಬಿಳಿ, ಹೀಗೆ ಇಲ್ಲಿ ಕೆಲಸ ಕಲಿತು ಹೋದವರೆಲ್ಲ ಅಲ್ಲಿದ್ದಾರೆ. ಕೆಂಪು ಮಾತ್ರ ಇರಲಿಲ್ಲ. ಕೆಂಪು ದೊಡ್ಡಪ್ಪನದು. ಈ ಶೆಡ್ಡಿನ ಮೂವತ್ತೆರಡು ವರ್ಷದಲ್ಲಿ ಒಂದು ಬೊಟ್ಟೂ ಬಿದ್ದಿರಲಿಲ್ಲ.

ಬಣ್ಣ ಅಂದರೆ ನೇಲ್ ಪಾಲಿಶ್. ನಗಬೇಡಿ. ನಟ್ಟು ಬಿಗಿದ ಮೇಲೆ ಅದರ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಒಂದು ಗೆರೆ ಎಳೆಯಬೇಕು. ಆಮೇಲೆ ನಟ್ಟು ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಚಾಡಿ ಹೇಳುತ್ತದೆ. ಬಿಗಿದವರೇ ಗೆರೆ ಎಳೆಯಬೇಕು, ತಮ್ಮದೇ ಬಣ್ಣದಲ್ಲಿ. ಗೆರೆಯಿಲ್ಲದ ನಟ್ಟು ಬಿಗಿಯದ ನಟ್ಟು. ಇದು ದೊಡ್ಡಪ್ಪನ ಕಾನೂನು.

ನಾಲ್ಕು ವರ್ಷ ಡೀಸೆಲ್ಲಿನಲ್ಲಿ ಸಾಮಾನು ತೊಳೆದು ಉಗುರೆಲ್ಲ ಕಪ್ಪಾದ ಮೇಲೆ, ಹೋದ ವರ್ಷ ನನ್ನ ಕೈಗೆ ಹಸಿರು ಬಾಟಲಿ ಬಂತು. ಅಲ್ಲೇ ಒಂದು ಟೈರಿನ ಮೇಲೆ ಹತ್ತಿ ನಿಂತು, "ಇವತ್ತಿಂದ ಈ ಶೆಡ್ಡಲ್ಲಿ ಹಸಿರು ಅಂದ್ರೆ ಬಣ್ಣ ಅಲ್ಲ, ಗ್ಯಾರಂಟಿ!" ಅಂತ ಕೂಗಿದ್ದೆ.

"ಮೊದ್ಲು ಕೆಳಗಿಳಿಯೇ ಡೈಲಾಗು, ಅದು ಗಿರಾಕಿ ಟೈರು" ಅಂದಿದ್ದರು ದೊಡ್ಡಪ್ಪ.

ಡೈಲಾಗು ಅಂದರೆ ನಾನೇ. ಬಾಯಿ ಸುಮ್ಮನಿರಲ್ಲ, ಕೈ ಅದಕ್ಕಿಂತ ಸುಮ್ಮನಿರಲ್ಲ. ಒಮ್ಮೆ ದೊಡ್ಡಪ್ಪನ ಫ್ಲಾಸ್ಕಿನ ಮುಚ್ಚಳ ಒಡೆದಾಗ ಅದಕ್ಕೆ ಕೆಂಪು ಬೊಟ್ಟಿಟ್ಟು ಪಾಪದ ಗೋಡೆಗೆ ನೇತುಹಾಕಿದ್ದೆ. ಅವರು ಅದನ್ನು ಕಿತ್ತೆಸೆದು, ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆ ತಮಾಷೆಗೆ ಬಡ್ಡಿ ಸಮೇತ ಕಟ್ಟುವ ದಿನ ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಕಾರು ಹಲ್ಲಿನ ಡಾಕ್ಟರಮ್ಮನದು. ಅವರ ಅಪ್ಪ ಓಡಿಸುತ್ತಿದ್ದ, ಅವರಿಗಿಂತ ಎರಡು ವರ್ಷ ದೊಡ್ಡದಾದ ಗಾಡಿ. ನಾಲ್ಕು ಸಿಲಿಂಡರು, ಗುಂಡು ಗುಂಡು ದೀಪ. ದೊಡ್ಡಪ್ಪನ ಕೈ ಬಿಟ್ಟು ಬೇರೆ ಕೈ ಅದರ ಬಾನೆಟ್ ಎತ್ತಿದ್ದಿಲ್ಲ. ಈ ಸಲ ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಬೇರಿಂಗು ಹಾಕಿ ಕಟ್ಟಿದೆವು. ಪಿಸ್ಟನ್ನನ್ನು ಹಿಡಿದುಕೊಳ್ಳುವ ಕನೆಕ್ಟಿಂಗ್ ರಾಡು ನಾಲ್ಕು, ರಾಡಿಗೆ ಎರಡರಂತೆ ಎಂಟು ನಟ್ಟು. ಅವನ್ನು ಬಿಗಿಯುವ ಕೆಲಸ ನನ್ನದು. ಟಾರ್ಕ್ ರೆಂಚ್ ಹಿಡಿದೆ. ಹದಕ್ಕೆ ಬಂದ ಕೂಡಲೇ ಅದು ಟಕ್ ಅನ್ನುತ್ತದೆ. ಟಕ್, ಗೆರೆ. ಟಕ್, ಗೆರೆ. ಆರು ಮುಗಿಸಿದೆ. ನಾಲ್ಕನೇ ರಾಡಿನ ಎರಡನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆನಷ್ಟೆ.

"ಏಯ್, ಎಣ್ಣೆ ಚೇಂಬರಿನ ಗ್ಯಾಸ್ಕೆಟ್ ಹರಿದಿದೆ. ಓಡು, ಮೂಲೆ ಅಂಗಡೀಲಿ ಒಂದು ಕತ್ತರಿಸ್ಕೊಂಡು ಬಾ" ಅಂದರು ದೊಡ್ಡಪ್ಪ.

ಓಡಿದೆ. ಅಂಗಡಿಯವನು ಕತ್ತರಿಸಿ ಕೊಡುವುದಕ್ಕೆ ಮುಕ್ಕಾಲು ಗಂಟೆ ತಗೊಂಡ. ವಾಪಸ್ ಬಂದಾಗ ದೊಡ್ಡಪ್ಪ ಹಳೇ ಗ್ಯಾಸ್ಕೆಟ್ಟಿಗೇ ಅಂಟು ಬಳಿದು ಎಂಜಿನ್ನಿನ ಹೊಟ್ಟೆ ಮುಚ್ಚಿಬಿಟ್ಟಿದ್ದರು.

"ನಾಲ್ಕನೇದು?"

"ಬಿಗಿದಾಯ್ತು."

"ಟಾರ್ಕ್ ರೆಂಚಲ್ಲಿ ತಾನೆ?"

"ನಾನು ನಟ್ಟು ಬಿಗಿಯೋಕ್ ಶುರು ಮಾಡ್ದಾಗ ನಿಮ್ಮಪ್ಪಂಗೆ ಹಲ್ಲೇ ಬಂದಿರ್ಲಿಲ್ಲ. ನನ್ನನ್ನೇ ಕೇಳ್ತಾಳೆ."

ಅಲ್ಲಿಗೆ ಮಾತು ಮುಗಿಯಿತು. ಅವರು ಬಿಗಿದರು ಅಂದಮೇಲೆ ಕೆಂಪು ಗೆರೆಯೂ ಎಳೆದಿರುತ್ತಾರೆ. ಇನ್ನೇನು ಕೇಳುವುದು?

ಒಂಬತ್ತನೇ ದಿನ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ನಾಲ್ಕನೇ ರಾಡು ಕಳಚಿ, ಎಂಜಿನ್ ಬ್ಲಾಕಿನ ಗೋಡೆ ಒಡೆದುಕೊಂಡು ಹೊರಗೆ ಇಣುಕುತ್ತಿತ್ತು. ಮುಷ್ಟಿ ತೂರುವಷ್ಟು ತೂತು. ಡಾಕ್ಟರಮ್ಮ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ನಾವು ಚೇಂಬರ್ ಬಿಚ್ಚಿದೆವು. ಒಂದು ನಟ್ಟು ಎಣ್ಣೆಯ ತಳದಲ್ಲಿತ್ತು. ಇನ್ನೊಂದು ತುಂಡಾದ ರಾಡಿನ ಕೊನೆಯಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ಒರೆಸಿ ನೋಡಿದೆ.

ಹಸಿರು.

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. "ಯಾರ ಬಣ್ಣ ಇದು?"

"ನಂದು. ಆದ್ರೆ ನೀವೇ ಅವತ್ತು..."

"ಆದ್ರೆ ಗೀದ್ರೆ ಬೇಡ. ಡಾಕ್ಟ್ರಮ್ಮ, ತಪ್ಪಾಯ್ತು. ಹುಡುಗಿಗೆ ಕೆಲಸಕ್ಕಿಂತ ತಮಾಷೆ ಜಾಸ್ತಿ. ನಾನೇ ಒಂದ್ಸಲ ನೋಡ್ಬೇಕಿತ್ತು."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಮ್ಮಪ್ಪನ ಗಾಡಿ ಕಣಮ್ಮಾ ಇದು. ಇದರಲ್ಲೂ ತಮಾಷೆನಾ?"

ಸಿನಿಮಾದಲ್ಲಾಗಿದ್ದರೆ ಈ ಹೊತ್ತಿಗೆ ಗುಡುಗು ಮಿಂಚು. ಇಲ್ಲಿ ಹೊರಗೆ ಯಾವುದೋ ವ್ಯಾನು ಪೀಂ ಪೀಂ ಅಂತ ರಿವರ್ಸ್ ಹೋಗುತ್ತಿತ್ತು. ದೊಡ್ಡಪ್ಪ ಹನ್ನೆರಡನೇ ಮೊಳೆಯನ್ನು ಮೇಜಿನ ಮೇಲಿಟ್ಟು, ನನ್ನದೇ ಬಾಟಲಿಯನ್ನು ನನ್ನ ಮುಂದೆ ತಳ್ಳಿದರು.

"ಬೊಟ್ಟಿಡು."

ನನ್ನ ಕಿವಿ ಬಿಸಿಯಾಯಿತು. ನಾಲ್ಕು ವರ್ಷ ತೊಳೆದು ಸಂಪಾದಿಸಿದ ಬಣ್ಣ, ನಾನು ಬಿಗಿಯದ ನಟ್ಟಿನ ಮೇಲೆ! ಆ ಬೊಟ್ಟು ಬಿದ್ದರೆ ಈ ಬೀದಿಯಲ್ಲಿ ಯಾವ ಎಂಜಿನ್ನೂ ನನ್ನ ಕೈಗೆ ಬರಲ್ಲ, ಜೀವಮಾನ ಪೂರ್ತಿ ಡೀಸೆಲ್ ಬಕೆಟ್ಟೇ ಗತಿ. ರಾಡನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಎತ್ತಿಯೂ ಎತ್ತಿದೆ. ಬಾಗಿಲ ಬೆಳಕು ಅದರ ಮೇಲೆ ಬಿತ್ತು.

ಆಗ ಕಂಡಿತು ಗೆರೆ.

ಆಗಲೇ ಬಿಚ್ಚಿಟ್ಟಿದ್ದ ಮೂರನೇ ರಾಡನ್ನು ತಗೊಂಡು ಅದರ ಪಕ್ಕ ಹಿಡಿದೆ. ಮೂರನೆಯದರಲ್ಲಿ ನನ್ನ ಗೆರೆ, ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ. ನಾಲ್ಕನೆಯದು ಮಸಿಯಲ್ಲಿ ಬಿದ್ದೆದ್ದ ಇರುವೆ ನಡೆದ ಹಾಗೆ. ಆರು ತಿಂಗಳಿಂದ ದೊಡ್ಡಪ್ಪ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು ನೆನಪಾಯಿತು. "ಚಳಿ ಕಣೇ" ಅನ್ನುತ್ತಿದ್ದರು. ಉರಿ ಬೇಸಿಗೆಯಲ್ಲೂ ಚಳಿ!

"ದೊಡ್ಡಪ್ಪ, ಒಂದು ಗೆರೆ ಎಳೀರಿ."

"ಏನು?"

"ಕೆಂಪು ಬಾಟ್ಲಿ ತಗೊಳ್ಳಿ. ಈ ಮೂರನೇ ರಾಡಿನ ಮೇಲೆ, ನನ್ನ ಗೆರೆ ಪಕ್ಕ, ಒಂದೇ ಒಂದು ಗೆರೆ. ನೆಟ್ಟಗೆ ಎಳೆದ್ಬಿಡಿ, ನಾನು ಬೊಟ್ಟಿಡ್ತೀನಿ. ಬೊಟ್ಟೇನು, ಇಡೀ ಗೋಡೆಗೇ ಹಸಿರು ಬಳೀತೀನಿ."

"ನಿನ್ನ ಸಿನಿಮಾ ಮನೇಲಿಟ್ಕೋ." ಅವರ ಕೈಗಳೆರಡೂ ಪ್ಯಾಂಟಿನ ಜೇಬಿಗೆ ಹೋದವು.

"ಇದು ಸಿನಿಮಾ ಅಲ್ಲ. ಕೈ ಆಚೆ ತೆಗೀರಿ."

"ದೊಡ್ಡೋರ ಹತ್ರ ಹೀಗಾ ಮಾತಾಡೋದು?"

"ದೊಡ್ಡೋರು ಹೀಗಾ ಮಾಡೋದು?"

ಡಾಕ್ಟರಮ್ಮ ಕನ್ನಡಕ ಏರಿಸಿ, ಎರಡೂ ರಾಡನ್ನು ನನ್ನ ಕೈಯಿಂದ ತಗೊಂಡರು. ಹುಳುಕು ಹಲ್ಲು ನೋಡುವ ಹಾಗೆ ಓರೆಯಾಗಿಸಿ ನೋಡಿದರು. ಸೂಜಿ ಹಿಡಿದು ಬದುಕಿದ ಹೆಂಗಸು, ಕೈ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಮೇಸ್ತ್ರಿ, ಎಷ್ಟು ತಿಂಗಳಾಯ್ತು?"

ದೊಡ್ಡಪ್ಪ ಗೋಡೆಯ ಕಡೆ ತಿರುಗಿದರು.

"ನಿಮ್ಮ ಕೈ. ಎಷ್ಟು ತಿಂಗಳಿಂದ?"

ಹೊರಗೆ ವ್ಯಾನು ಕೂಡ ನಿಂತಿತು. ದೊಡ್ಡಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ಜೇಬಿನೊಳಗೇ ಬಟ್ಟೆ ಅದುರುತ್ತಿತ್ತು.

"ಬಿಗಿದೆ. ಮಣಿಕಟ್ಟಿಗೆ ಮೊದಲಿನ ಹಾಗೆ ಗೊತ್ತಾಗ್ಲಿಲ್ಲ" ಅಂದರು. ಆಮೇಲೆ ನನ್ನ ಕಡೆ ನೋಡಿ, "ನಿನ್ನ ವಯಸ್ಸಲ್ಲಿ ಒಂದು ತಪ್ಪಾದ್ರೆ ಕಲೀತಾಳೆ ಬಿಡಿ ಅಂತಾರೆ. ನನ್ನ ವಯಸ್ಸಲ್ಲಿ ಒಂದು ತಪ್ಪಾದ್ರೆ ಶಟರ್ ಎಳ್ಕೋ ಅಂತಾರೆ ಕಣೇ."

ಅಯ್ಯೋ ಪಾಪ ಅನ್ನಬೇಕಿತ್ತು. ಅನ್ನಿಸಲಿಲ್ಲ. ಬಂದದ್ದು ಇನ್ನೂ ನಾಲ್ಕು ಪಾಲು ಸಿಟ್ಟು.

"ಅಂದ್ರೆ ಗೊತ್ತಿತ್ತು ನಿಮಗೆ! ಸರಿಯಾಗಿ ಕೂತಿಲ್ಲ ಅಂತ ಅನುಮಾನ ಇತ್ತು, ಅದಕ್ಕೇ ನನ್ನ ಬಾಟ್ಲಿ ತಗೊಂಡ್ರಿ! ಗಾಡಿ ಓಡಿದ್ರೆ ಮೇಸ್ತ್ರಿ ಕೈ, ನಿಂತ್ರೆ ಹುಡುಗಿ ಕೈ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ನಾನು ಬಿಗೀತಿರ್ಲಿಲ್ವಾ? ಕೈ ನಡುಗಿದ್ದು ತಪ್ಪಲ್ಲ ದೊಡ್ಡಪ್ಪ. ನನ್ನ ಬಾಟ್ಲಿ ಮುಚ್ಚಳ ತಿರುಗಿಸ್ದಾಗ ಎದೆ ನಡುಗ್ಲಿಲ್ವಲ್ಲ, ಅದು ತಪ್ಪು!"

ಜೀವಮಾನದಲ್ಲಿ ಎಷ್ಟೋ ಡೈಲಾಗು ಹೊಡೆದಿದ್ದೇನೆ. ಎಲ್ಲ ಯಾರಾದರೂ ಚಪ್ಪಾಳೆ ತಟ್ಟಲಿ ಅಂತ. ಇದಕ್ಕೆ ಯಾರೂ ತಟ್ಟಲಿಲ್ಲ.

ದೊಡ್ಡಪ್ಪ ಎದ್ದರು. ಮೊಳೆ ನಾನು ಹೊಡೆದೆ. ರಾಡು ನೇತುಹಾಕಿದೆ. ಅವರು ಕೆಂಪು ಬಾಟಲಿ ತೆಗೆದರು. ಕುಂಚ ಮೊದಲನೇ ಸಲ ಗೋಡೆಗೆ ತಾಗಿತು, ಎರಡನೇ ಸಲ ಮೊಳೆಗೆ. ಕೆಂಪು ಹನಿಯೊಂದು ಅವರ ಹೆಬ್ಬೆರಳ ಮೇಲೆ ಇಳಿಯಿತು. ಡಾಕ್ಟರಮ್ಮ ನನಗೆ ಕಣ್ಣಲ್ಲೇ ಹೇಳಿದರು, ಕೈ ಹಿಡಿ ಅಂತ. ನಾನು ಕೈಕಟ್ಟಿಕೊಂಡು ನಿಂತೆ. ಮೂರನೇ ಸಲಕ್ಕೆ ಬೊಟ್ಟು ಬಿತ್ತು.

"ಗಾಡಿ ಇಲ್ಲೇ ಇರ್ಲಿ. ಆದ್ರೆ ಬಿಗಿಯೋದು ಇವಳು" ಅಂದು ಹೊರಟರು ಡಾಕ್ಟರಮ್ಮ.

ಇವತ್ತಿಗೆ ಹದಿನೆಂಟು ದಿನ. ಬ್ಲಾಕಿಗೆ ತೇಪೆ ಹಾಕಿಸಿ, ಹೊಸ ರಾಡೂ ತಂದಾಗಿದೆ. ಹಸಿರು ಬಾಟಲಿ ಅಂಗಿಯ ಜೇಬಿನಲ್ಲಿದೆ, ಜೇಬಿಗೆ ಗುಂಡಿ ಹಾಕಿದೆ. ಈ ಸಲ ಮಾತು ಬಿಟ್ಟಿರುವುದು ನಾನು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು, ನಾನು ಬಿಗಿದದ್ದನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಾರೆ. ಬೆಳಿಗ್ಗೆ ಏಳನೇ ನಟ್ಟಿಗೆ, ಅಂದರೆ ನಾಲ್ಕನೇ ರಾಡಿಗೆ, ಬಂದಾಗ ಕೆಮ್ಮಿದರು.

"ಏಯ್ ಡೈಲಾಗು. ಏನಾದ್ರೂ ಒಂದು ಹೊಡಿಯೇ. ಶೆಡ್ಡು ಬಿಕೋ ಅನ್ನುತ್ತೆ."

ನಾನು ಟಾರ್ಕ್ ರೆಂಚ್ ಒತ್ತಿದೆ.

ಟಕ್.