ಧಕ್ಕಾ ಸ್ಟಾರ್ಟ್

ಕನ್ನಡಿ ನಡುಗುತ್ತಿದೆ, ಅದರೊಳಗೆ ನಿಪ್ಪಾಣಿಯ ಈ ಓಣಿಯೂ ನಡುಗುತ್ತಿದೆ, ಕಟ್ಟೆಯ ಮೇಲೆ ಬೀಡಿ ಸುತ್ತುವ ಮುದುಕಿ, ಮಾವ ಕಾಕಾಸಾಹೇಬರ ಮನೆ, ಎಲ್ಲ ನಡುಗುತ್ತಿವೆ, ನಡುಗಲಿ, ಜೀಪಿನ ಇಂಜಿನ್ ಮಾತ್ರ ಬಂದ್ ಮಾಡುವಂತಿಲ್ಲ ಎಂದುಕೊಂಡ ಭೀಮಗೊಂಡ — ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಬೇಕು, ಸ್ಟಾರ್ಟ್, ಎಂಥ ಹಾಳು ಶಬ್ದ, ಸಕ್ಕರಿ ಕಾರ್ಖಾನೆ ಸ್ಟಾರ್ಟ್ ಆತು, ತಲಿನೋವು ಸ್ಟಾರ್ಟ್ ಆತು, ನಮ್ಮತ್ತಿ ಮತ್ತ ಸ್ಟಾರ್ಟ್ ಮಾಡಿದ್ಲು, ಊರಲ್ಲಿ ಎಲ್ಲವೂ ಸ್ಟಾರ್ಟ್ ಆಗುತ್ತದೆ, ಈ ಜೀಪೊಂದು ಬಿಟ್ಟು; ಕೀಲಿ ತಿರುವಿ ಇದು ಸ್ಟಾರ್ಟ್ ಆದದ್ದನ್ನು ಕಂಡವರು ತನ್ನೂರು ಸದಲಗಾದಲ್ಲಿ ಇಬ್ಬರೇ ಉಳಿದಿದ್ದಾರೆ, ಅವರಲ್ಲೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಇಳಿಜಾರಿನಲ್ಲೇ ನಿಲ್ಲಿಸಬೇಕು, ಬ್ರೇಕ್ ಬಿಟ್ಟು ಉರುಳಿಸಿ ಗೇರಿಗೆ ಹಾಕಬೇಕು, ಅದಕ್ಕೇ ವಾಸ್ತುವಿನವನನ್ನು ವಾಪಸು ಕಳಿಸಿ ದಿಬ್ಬದ ಮೇಲೆ ಮನೆ ಕಟ್ಟಿಸಿದ್ದು, ದವಾಖಾನೆಯನ್ನೂ ಡಾಕ್ಟರರ ಕೈಗುಣ ನೋಡಿ ಅಲ್ಲ, ಮುಂದಿನ ರಸ್ತೆ ನೋಡಿ ಆರಿಸಿದ್ದು, ಹೆಣ್ಣು ನೋಡಲು ಬಂದಾಗ ಮಾತ್ರ ನೆಲ ನೋಡಲು ಮರೆತ, ಹೆಣ್ಣನ್ನೇ ನೋಡಿದ, ಈ ಓಣಿಯೋ ಬಡಿದಿಟ್ಟ ರೊಟ್ಟಿಯ ಹಾಗೆ ಸಪಾಟು — ಮದುವೆ ಮುಗಿಸಿ ಹೊರಟಾಗ ಜೀಪು ಇಲ್ಲೇ ಕೈಕೊಟ್ಟಿತ್ತು, ಬೀಗರೆಲ್ಲ ನೀವು ನೂಕ್ರಿ, ಛೇ ಛೇ ನೀವು ನೂಕ್ರಿ ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ನಿಂತರು, ಆಗ ಕನ್ನಡಿಯಲ್ಲಿ ಎರಡು ಕೈ, ಹಸಿರು ಬಳೆ, ಮದುಮಗಳೇ ಇಳಿದು ನೂಕುತ್ತಿದ್ದಳು.

ಅದೇ ಮದುಮಗಳು, ಸುಜಾತಾ, ಹೋದ ವಾರದಿಂದ ಈ ತವರುಮನೆಯೊಳಗೆ ಕೂತಿದ್ದಾಳೆ, ಫೋನು ಎತ್ತುವುದಿಲ್ಲ, ಕರೆದೊಯ್ಯಲು ಇವನೇ ಬರಬೇಕಾಯಿತು, ಜಗಳ ಸ್ಟಾರ್ಟ್ ಮಾಡಿದವರು ನೀವ ಎಂದೇ ಹೋದವಳು ಅವಳು, ಜೀಪು ಎನ್ನುತ್ತಾನೆ ಇವನು — ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವಳು ತುತ್ತು ಮುಟ್ಟುವವಳಲ್ಲ, ಇವನ ಜೊತೆಗೇ ಉಣ್ಣಬೇಕೆಂದು ಅಂದು ತಾಟು ಹಾಕಿ ಕಾದಳು, ಇವನು ಅಥಣಿಯ ಸಪಾಟು ರಸ್ತೆಯಲ್ಲಿ ನೂಕುವವರನ್ನು ಹುಡುಕುತ್ತಿದ್ದ, ಕತ್ತಲಾಗಿ ಬಂದರೆ ಉಪವಾಸ ಕೂತಿದ್ದಾಳೆ, ತಪ್ಪಾತು ಎಂಬ ಮಾತು ನಾಲಿಗೆ ಮೇಲೆಯೇ ಇತ್ತು, ಅದೂ ಸ್ಟಾರ್ಟ್ ಆಗಲಿಲ್ಲ, ಹೊರಬಿದ್ದದ್ದು ಬೇರೆ, ಕಾಯ್ಕೊಂತ ಕುಂದ್ರು ಅಂತ ನಾ ಹೇಳಿದ್ನೇನು. ಈಗ ಬಾಗಿಲಲ್ಲಿ ಮಾವ, ಬರ್ರಿ ಅಳೇದೇವ್ರ, ಹೊತ್ತು ಮುಳುಗಾಕತ್ತೈತಿ, ಆಕಿನೂ ಇನ್ನಾ ಉಂಡಿಲ್ಲ — ಉಂಡಿಲ್ಲವೆ, ಮತ್ತೆ ಕಾಯುತ್ತಾಳೆಯೆ, ಏನು ಹೆಂಗಸಪ್ಪ ಇವಳು, ಸೂರ್ಯ ಆಗಲೇ ತಂಬಾಕಿನ ಗೋದಾಮಿನ ತಗಡಿಗೆ ತಾಗಿದ್ದಾನೆ, ಬಂದ್ ಮಾಡಿದರೆ ಬೀಗರ ಕೈಯಲ್ಲಿ ನೂಕಿಸಿಕೊಳ್ಳಬೇಕು, ಮಾಡದಿದ್ದರೆ ಅವಳು ಉಪವಾಸ, ಥೂ ಇದರ, ಕೀಲಿ ತಿರುವಿದ, ಓಣಿ ನಡುಗುವುದು ನಿಂತಿತು.

ಒಳಗೆ ಎದುರುಬದುರು ತಾಟು, ಅವಳು ಮುಖ ಎತ್ತಲಿಲ್ಲ, ತಪ್ಪಾತು ಅನ್ನಲು ಇವನು ಬಾಯಿ ತೆರೆದಾಗಲೆಲ್ಲ ಹಸಿವೆಂದು ತಿಳಿದು ಅತ್ತೆ ರೊಟ್ಟಿ ಹಾಕಿದರು, ತಪ್ಪೊಪ್ಪಿಕೊಳ್ಳಲು ಹೋಗಿ ಹೊಟ್ಟೆ ಬಿರಿಯಿತು, ಎದ್ದು ಬಂದು ಜೀಪು ಹತ್ತಿ ಕೀಲಿ ತಿರುವಿದ, ಅದು ಕೆಮ್ಮಿತು, ಬೀಡಿಯ ಮುದುಕಿಯೂ ಕೆಮ್ಮಿದಳು, ಬೀಗರು ಕಟ್ಟೆಗೆ ಬಂದು ನೀವು ನೂಕ್ರಿ, ಛೇ ನೀವು ನೂಕ್ರಿ ಸುರುಮಾಡಿದರು, ಏನು ಜನವೋ — ಅಷ್ಟರಲ್ಲಿ ಹಿಂದಿನ ಸೀಟಿಗೆ ಒಂದು ಬ್ಯಾಗು ಬಿತ್ತು, ಅವಳ ದನಿ, ನನ್ನ ಸಲವಾಗಿ ಗಾಡಿ ಬಂದ್ ಮಾಡಿದ್ರಿ, ಅಷ್ಟ ಸಾಕು, ಸ್ಟಾರ್ಟ್ ಆದಮ್ಯಾಲ ನಿಂದ್ರಸಬ್ಯಾಡ್ರಿ, ಓಡಿ ಬಂದು ಹತ್ತತೀನಿ. ಬ್ರೇಕ್ ಬಿಡಬೇಕು, ಗೇರು ಹಾಕಬೇಕು, ತಪ್ಪಾತು ಅನ್ನಬೇಕು, ಯಾವುದು ಮೊದಲು, ಯಾವುದು — ಕನ್ನಡಿಯಲ್ಲಿ ಎರಡು ಕೈ, ಹಸಿರು ಬಳೆ, ಎರಡು ಕೈ