ಕಾರಿನ ತಲೆ

ಒಂದು ತಂತಿ ಉಳಿದುಬಿಟ್ಟಿತು. ಕೆಂಪು ಮೈ, ಬಿಳಿ ಗೆರೆ. ಕಾರಿನ ಹೊಸ ಪೆಟ್ಟಿಗೆಯಿಂದ ಹೊರಟ ಉಳಿದೆಲ್ಲ ತಂತಿಗಳೂ ತಂತಮ್ಮ ಜಾಗ ಸೇರಿದ್ದವು. ಇದೊಂದು ಮಾತ್ರ ಪಂಚಾಕ್ಷರಪ್ಪನ ಬೆರಳಿನಲ್ಲೇ ಇತ್ತು.

"ಕತ್ತರಿಸಿ ಟೇಪ್ ಸುತ್ಲೇನ್ರಿ ಸಾರ್?" ಬಾನೆಟ್ಟಿನ ಆಚೆಯಿಂದ ಬೆನಕಪ್ಪ ಕೇಳಿದ.

"ಇರಲಿ."

"ಇದ್ದು ಏನ್ ಮಾಡ್ತೈತ್ರಿ?"

"ಇರಲಿ ಅಂದೆನಲ್ಲ."

ಗಾಡಿ ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ಪೆಟ್ಟಿಗೆಗೆ ತಿಳಿಸುವ ತಂತಿಯಂತೆ ಅದು. ಕೊಡದಿದ್ದರೂ ನಡೆಯುತ್ತದೆ ಎಂದು ಜೊತೆಗೆ ಬಂದ ಪುಸ್ತಕ ಹೇಳಿತ್ತು. ಪಂಚಾಕ್ಷರಪ್ಪ ಅದನ್ನು ಸುರುಳಿ ಸುತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ತುರುಕಿದ.

ಬೆನಕಪ್ಪ ಸಂತೇಬೆನ್ನೂರು ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವವನು. ಆಯುಧಪೂಜೆಯ ದಿನ ಸ್ಪ್ಯಾನರು ಹಿಡಿಯಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಸಂಜೆಯೊಳಗೆ ಅವನ್ನೆಲ್ಲ ತೊಳೆದು ದೇವರ ಮುಂದೆ ಇಡಬೇಕು. ಇಟ್ಟಮೇಲೆ ನಾಳೆಯವರೆಗೆ ಮುಟ್ಟುವಂತಿಲ್ಲ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಪಂಚಾಕ್ಷರಪ್ಪ ಮೇಷ್ಟ್ರು ತಾವಾಗಿ ಬಂದು ಕರೆದರೆಂದು ಬಂದಿದ್ದ, ಅಷ್ಟೆ.

ಕಾರು ಹಳೆಯ ಜರ್ಮನ್ ಕಾರು. ಭದ್ರಾವತಿಯ ಕಡೆ ಯಾವುದೋ ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್ ಒಬ್ಬ ದೇಶಕ್ಕೆ ಮರಳುವಾಗ ಮಾರಿಹೋಗಿದ್ದ. ಅದಕ್ಕೆ ಕಾರ್ಬುರೇಟರ್ ಇಲ್ಲ. ಸಣ್ಣ ಮೂತಿಗಳು ಪೆಟ್ರೋಲನ್ನು ಇಂಜಿನ್ನಿಗೆ ಚಿಮ್ಮಿಸುತ್ತವೆ. ಎಷ್ಟು ಚಿಮ್ಮಿಸಬೇಕೆಂದು ಲೆಕ್ಕ ಹಾಕಿ ಹೇಳುವ ತಗಡಿನ ಪೆಟ್ಟಿಗೆಯೊಂದು ಹಿಂದಿನ ಸೀಟಿನ ಕೆಳಗೆ ಇತ್ತು. ಅದನ್ನು ಪಂಚಾಕ್ಷರಪ್ಪ ಕಾರಿನ ತಲೆ ಎಂದು ಕರೆಯುತ್ತಿದ್ದ. ಕುಂಡಿಯ ಕೆಳಗೆ ತಲೆ ಇಟ್ಟುಕೊಂಡ ಕಾರು ಚನ್ನಗಿರಿಯಲ್ಲಿ ಇದೊಂದೇ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೇ ಅವರ ಬಗ್ಗೆ ಕನಿಕರಪಡುತ್ತಿದ್ದ.

ಹೋದ ವರ್ಷದ ಆಯುಧಪೂಜೆಗೆ ಅವನ ಹೆಂಡತಿ ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಕಾರು ತೊಳೆದಳು. ಎತ್ತಿನ ಮೈ ತೊಳೆಯುವ ಹಾಗೆ, ಒಳಗೂ ಹೊರಗೂ. ಸೀಟು ಎತ್ತಿ, ಧೂಳು ಹಿಡಿದ ಪೆಟ್ಟಿಗೆಯ ಮೇಲೂ ಒಂದು ತಂಬಿಗೆ ನೀರು ಸುರಿದು, ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ತಲೆ ಅಂದಮೇಲೆ ಅದಕ್ಕೂ ವಿಭೂತಿ ಬೇಡವೇ?

ಸಂಜೆ ಕಾರು ಶುರುವಾಗಲಿಲ್ಲ.

"ನಿನ್ನ ತಲೆಗಿಂತ ಬೆಲೆ ಬಾಳೋ ತಲೆ ಅದು," ಎಂದಿದ್ದ ಪಂಚಾಕ್ಷರಪ್ಪ. ಕೂಗಿರಲಿಲ್ಲ. ಅವನು ಯಾವತ್ತೂ ಕೂಗುವವನಲ್ಲ. ಕೂಗಿದ್ದರೆ ಅವಳೂ ಕೂಗಿ, ಅತ್ತು, ಮುಗಿಯುತ್ತಿತ್ತೋ ಏನೋ.

"ನೀರು ಬಿದ್ರೆ ನೆನೆಯೋದು ಗೊತ್ತಿತ್ತು ನನಗೆ. ಸಾಯೋದು ಗೊತ್ತಿರಲಿಲ್ಲ," ಎಂದಳು ಕಸ್ತೂರಿ. ಮಾರನೆಯ ದಿನ ಬನ್ನಿ ಕೊಡುವವರು ಬರುವ ಮೊದಲೇ ನ್ಯಾಮತಿಯ ತವರಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು "ಬರ್ತೀನಿ" ಎಂದಳು. ಹೊರಡುವವರು ಯಾರೇ ಆಗಲಿ ಹೋಗ್ತೀನಿ ಅನ್ನುವುದುಂಟೆ? ಅದು ಪಂಚಾಕ್ಷರಪ್ಪನಿಗೂ ಗೊತ್ತು. ಗೊತ್ತಿದ್ದೂ ಆ ಒಂದು ಮಾತನ್ನು ಹಿಡಿದುಕೊಂಡು ಅವನು ವರ್ಷ ಕಳೆದಿದ್ದ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಆ ರಾತ್ರಿ ಉಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೇಟು ಸದ್ದಾಯಿತು. ಕಸ್ತೂರಿಯ ಚಿಕ್ಕಪ್ಪ ಮುರುಗೇಶಪ್ಪ ಅಡಿಕೆ ವ್ಯಾಪಾರಕ್ಕೆಂದು ಚನ್ನಗಿರಿಗೆ ಬಂದವರು. ಶೆಡ್ಡಿನ ಬಾಗಿಲಲ್ಲೇ ನಿಂತರು. ಕಾರು ನಾಲ್ಕು ಸೈಜುಗಲ್ಲುಗಳ ಮೇಲೆ ಕೂತಿತ್ತು. ನಿಂತಲ್ಲೇ ಟೈರು ಹಾಳಾಗಬಾರದೆಂದು ಪಂಚಾಕ್ಷರಪ್ಪ ಹೋದ ವರ್ಷವೇ ಎತ್ತಿ ಕೂರಿಸಿದ್ದ. ಚಕ್ರಗಳು ನೆಲದಿಂದ ನಾಲ್ಕು ಬೆರಳು ಮೇಲಿದ್ದವು.

"ಏನ್ರಿ ಅಳಿಯಂದ್ರೆ, ಇನ್ನೂ ಇದರಾಗೇ ಅದೀರಿ?"

"ಬರ್ರಿ ಮಾವ. ಕಾಫಿ?"

"ಬ್ಯಾಡ. ಒಂದು ಮಾತು ಹೇಳಿ ಹೋಗಾಕೆ ಬಂದೆ." ಮುರುಗೇಶಪ್ಪ ಬೆನಕಪ್ಪನ ಕಡೆ ನೋಡಿ ದನಿ ತಗ್ಗಿಸಿದರು. "ಕಸ್ತೂರಿಗೆ ಜಗಳೂರಾಗೆ ಟೀಚರ್ ಕೆಲಸ ಆತು. ಮನೆನೂ ನೋಡ್ಯಾರೆ. ನಾಳೆ ವಿಜಯದಶಮಿ, ಒಳ್ಳೇ ದಿನ, ಹೋಗಿ ಹಾಲುಕ್ಕಿಸ್ತಾಳೆ."

"ಒಳ್ಳೇದಾತು."

"ಏನ್ ಒಳ್ಳೇದ್ರಿ? ಒಬ್ಬಳೇ ಹೋಗಿ ಹಾಲುಕ್ಕಿಸೋದು ಒಳ್ಳೇದಾ?"

ಪಂಚಾಕ್ಷರಪ್ಪ ಕೈಯೊರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ನಿನ್ನೆ ನನ್ನ ಕರೆದು ಅವಳೇ ಹೇಳಿದ್ಲು. ಇವತ್ತು ಬಂದು ಕರೆದ್ರೆ ಅವರ ಜೊತೆ ಹೊರಡ್ತೀನಿ, ಕಾರೇ ಬೇಕಂತಿಲ್ಲ, ಬಸ್ಸಿಗೆ ಬರಲಿ ಸಾಕು ಅಂತ. ಬಾಯಿಬಿಟ್ಟು ಹೇಳಿದ್ಲು ನೋಡ್ರಿ. ಸಂಜಿ ಬಸ್ಸಿಗೆ ನಾನು ಹೊಂಟೀನಿ. ನೀವೂ ನಡೀರಿ."

"ಕಾರು ಇನ್ನೇನು ಶುರು ಆಗ್ತೈತೆ ಮಾವ."

"ನಾನು ಕಾರಿನ ಮಾತು ಆಡಿದ್ನಾ?"

"ಕೂಡಿಸಿದ್ದು ಮುಗೀತು. ಇವತ್ತೇ..."

"ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಲಂತೆ." ಮುರುಗೇಶಪ್ಪ ಟೋಪಿ ಸರಿಮಾಡಿಕೊಂಡರು. "ಬಸ್ ಸ್ಟ್ಯಾಂಡಿನಾಗೆ ಇರ್ತೀನಿ."

"ನೀವು ಮುಂದೆ ನಡೀರಿ. ನಾನು ಕಾರಾಗೇ ಬರ್ತೀನಿ."

ಹೇಳಿದ ಮೇಲೆ ಅವನಿಗೆ ತನ್ನ ಬಾಯಿಂದ ಬಂದದ್ದೂ ಕಸ್ತೂರಿ ಹೊಸ್ತಿಲಲ್ಲಿ ಆಡಿದ ಅದೇ ಮಾತೆಂದು ಹೊಳೆಯಿತು.

ಬಸ್ಸಿಗೆ ಹೋಗಬಹುದಿತ್ತು. ಹೋದ ವರ್ಷವೂ ಹೋಗಬಹುದಿತ್ತು. ಹೋದರೆ ಹೇಳಬೇಕಾದ ಒಂದು ಸಂಗತಿ ಇತ್ತು. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅವನು ಹಳೆಯ ಪೆಟ್ಟಿಗೆಯನ್ನು ಬಿಚ್ಚಿದ್ದ. ಒಳಗೆ ತುಕ್ಕು ಕಾಣುತ್ತದೆ, ನೀರಿನ ಕಲೆ ಕಾಣುತ್ತದೆ ಎಂದು ಕಾದು ಬಿಚ್ಚಿದ್ದ. ಒಳಗೆ ಒಣ ಧೂಳು. ರಾಗಿ ಹಿಟ್ಟಿನ ಹಾಗೆ ನಯವಾಗಿ, ಯಾರೂ ಮುಟ್ಟದೆ ಕೂತಿತ್ತು. ಕಸ್ತೂರಿಯ ನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ವಯಸ್ಸಾಗಿ ಒಂದು ಬೆಸುಗೆ ಬಿರುಕು ಬಿಟ್ಟಿತ್ತು, ಅಷ್ಟೆ.

ಕಾಲೇಜಿನ ಲ್ಯಾಬಿನಲ್ಲಿ ಅವನ ಮೇಜಿನ ಮೇಲೇ ಬೆಸುಗೆ ಕಡ್ಡಿ ಇತ್ತು. ಒಂದು ಹನಿ ಸೀಸ ಸಾಕಿತ್ತು. ಅವನು ಪೆಟ್ಟಿಗೆ ಮುಚ್ಚಿದ, ತಿರುಪು ಬಿಗಿದ. ಮಾರನೆಯ ವಾರ ಆಸ್ಟ್ರೇಲಿಯಾದ ಯಾವುದೋ ಸಣ್ಣ ಕಂಪನಿಗೆ ಹೊಸ ಪೆಟ್ಟಿಗೆಗಾಗಿ ಬರೆದ.

ಹೊಸ ಪೆಟ್ಟಿಗೆಗೆ ಪೆಟ್ರೋಲು ಹೆಚ್ಚುಕಡಿಮೆ ಮಾಡಲು ನಾಲ್ಕು ತಿರುಗಣೆಗಳಿದ್ದವು. ಅದು ತಾನಾಗಿ ಏನನ್ನೂ ತಿಳಿಯದು. ಇಂಜಿನ್ನು ಬಿಸಿ ಎಂದರೆ ಬಿಸಿ, ತಣ್ಣಗಿದೆ ಎಂದರೆ ತಣ್ಣಗಿದೆ. ಹೇಳಿದ್ದನ್ನು ನಂಬಿ ಅಷ್ಟೇ ಪೆಟ್ರೋಲು ಬಿಡುತ್ತದೆ. ತಣ್ಣಗಿದ್ದಾಗ ಹೆಚ್ಚು ಕೊಡಬೇಕು. ಇಷ್ಟನ್ನು ಅರಿಯಲು ಪಂಚಾಕ್ಷರಪ್ಪ ದಪ್ಪ ಪುಸ್ತಕ ಓದಿದ್ದ.

"ಹೊಡೀರಿ ಸಾರ್, ದೇವರ ಹೆಸರು ಹೇಳಿ," ಎಂದ ಬೆನಕಪ್ಪ.

ಕೀಲಿ ತಿರುಗಿಸಿದ. ಇಂಜಿನ್ನು ಕೆಮ್ಮಿತು, ಕಪ್ಪು ಹೊಗೆ ಉಗುಳಿ ಸತ್ತಿತು. ಎರಡನೆಯ ತಿರುಗಣೆಯನ್ನು ಒಂದು ಕೂದಲಿನಷ್ಟು ಹಿಂದೆ ತಂದ. ಮತ್ತೆ ಕೆಮ್ಮು. ಇನ್ನೊಂದಿಷ್ಟು. ಇದ್ದಕ್ಕಿದ್ದಂತೆ ಶೆಡ್ಡಿನ ತಗಡು ಗುಂಯ್ ಎಂದಿತು. ಇಂಜಿನ್ನು ಶುರುವಾಯಿತು.

"ಹೊಯ್!" ಬೆನಕಪ್ಪ ಕುಣಿದೇಬಿಟ್ಟ. "ಸತ್ತಿದ್ದು ಎದ್ದು ಕೂತ್ಕಂತಲ್ರಿ!"

ಸ್ಟೀರಿಂಗು ಪಂಚಾಕ್ಷರಪ್ಪನ ಅಂಗೈಯಲ್ಲಿ ಮೆಲ್ಲಗೆ ನಡುಗುತ್ತಿತ್ತು. ಕಸ್ತೂರಿ ಇರಬೇಕಿತ್ತು. ಅವಳು ಈ ಪಕ್ಕದ ಸೀಟಿನಲ್ಲಿ ಕೂತು, ಗಾಜು ಪೂರ್ತಿ ಇಳಿಸಿ, ನ್ಯಾಮತಿಯ ದಾರಿಯಲ್ಲಿ ಸಾಸ್ವೆಹಳ್ಳಿ ಬಂದ ಕೂಡಲೇ ನಿಲ್ಲಿಸ್ರೀ ಎಂದು ಇಳಿದು ಸೌತೆಕಾಯಿ ಕೊಳ್ಳುತ್ತಿದ್ದಳು. ಉಪ್ಪು ಹಚ್ಚಿ ಅರ್ಧ ಅವನ ಬಾಯಿಗಿಡುತ್ತಿದ್ದಳು. ರಸ ಸೀಟಿಗೆ ಬೀಳುತ್ತದೆ ಎಂದು ಅವನು ಪ್ರತಿ ಸಲವೂ ಗೊಣಗುತ್ತಿದ್ದ. ಈಗ ಆ ಖಾಲಿ ಸೀಟಿನ ಮೇಲೆ ಕೈಯಿಟ್ಟ. ಶುಭ್ರವಾಗಿತ್ತು. ಅವಳು ಬೇಕು ಎಂದು ಅವನಿಗೆ ಮೈಯೆಲ್ಲ ಅನ್ನಿಸಿತು.

ಬೆನಕಪ್ಪ ಚೀಲದಿಂದ ನಿಂಬೆಹಣ್ಣು ತೆಗೆದ. ಒಂದೊಂದಕ್ಕೂ ಕುಂಕುಮ ಹಚ್ಚಿ ನಾಲ್ಕು ಚಕ್ರಗಳ ಅಡಿಗೂ ಒಂದೊಂದು ಇಟ್ಟ. ಬಾನೆಟ್ಟಿಗೆ ವಿಭೂತಿ ಬಳಿದ, ಹೊಸ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಜಾಕ್ ಕೊಡ್ರಿ, ಕಲ್ಲಿಂದ ಇಳಿಸಿಬಿಡಾನ. ನಿಂಬೆಹಣ್ಣಿನ ಮ್ಯಾಲೆ ಹತ್ತಿಸಿಕೊಂಡು ಸೀದಾ ನ್ಯಾಮತಿಗೆ ಹೊಡೀರಿ."

"ಸ್ವಲ್ಪ ಹೊತ್ತು ಓಡಲಿ. ಬಿಸಿ ಆಗಲಿ."

"ಆಮೇಲೆ ನಾನು ಬರಾಕಾಗಲ್ರಿ. ಸ್ಪ್ಯಾನರು ಪೂಜೆಗೆ ಇಟ್ಟೆ ಅಂದ್ರೆ ಮುಗೀತು."

"ನಾನೇ ಇಳಿಸ್ಕೊಂತೀನಿ."

"ಈಗ್ಲೇ ಆಗಿಬಿಡ್ತಿತ್ತು."

"ನೀನು ನಡಿ ಬೆನಕಪ್ಪ."

ಬೆನಕಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಚೀಲ ಹೆಗಲಿಗೇರಿಸಿ, "ಬರ್ತೀನ್ರಿ ಸಾರ್," ಎಂದು ಹೋದ.

ಜಾಕು ಡಿಕ್ಕಿಯಲ್ಲೇ ಇತ್ತು. ಪಂಚಾಕ್ಷರಪ್ಪ ಏಳಲಿಲ್ಲ. ಬಿಸಿಲು ಇಳಿಯಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಬಸ್ಸಿನ ಉದ್ದನೆಯ ಹಾರ್ನ್ ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಯಾರಿಗೋ ಕಾಯುತ್ತಿರುವಂತೆ ಇನ್ನೂ ಒಮ್ಮೆ. ಆಮೇಲೆ ಸದ್ದು ದೂರವಾಯಿತು.

ಅವನು ಕ್ಲಚ್ಚು ಒತ್ತಿದ. ಮೊದಲ ಗೇರು, ಎರಡನೆಯದು, ಮೂರನೆಯದು. ಎದುರಿನ ವೇಗದ ಮುಳ್ಳು ಎದ್ದು ಓಡತೊಡಗಿತು. ಇಂಜಿನ್ನು ಎಲ್ಲೂ ತಡವರಿಸಲಿಲ್ಲ; ಇಷ್ಟು ನುಣುಪಾಗಿ ಹಿಂದೆಂದೂ ಓಡಿರಲಿಲ್ಲ. ಈಗ ಸಾಸ್ವೆಹಳ್ಳಿ ಬಂದಿರಬೇಕು ಎಂದುಕೊಂಡ. ಹೊನ್ನಾಳಿಯ ಸೇತುವೆಗೆ ವೇಗ ತಗ್ಗಿಸಿದ. ಹೊಳೆ ದಾಟಿದ ಮೇಲೆ ದೀಪ ಹಾಕಿದ. ಬೆಳಕು ಶೆಡ್ಡಿನ ಸುಣ್ಣದ ಗೋಡೆಗೆ ಬಡಿದು ಅವನ ಮುಖಕ್ಕೇ ವಾಪಸು ಬಂತು.

"ಕಸ್ತೂರಿ," ಎಂದ ಗಟ್ಟಿಯಾಗಿ. "ಆ ಪೆಟ್ಟಿಗೆ ಒಳಗೆ..."

ಮುಂದಿನ ಮಾತು ಬರಲಿಲ್ಲ. ಮೊದಲಿನಿಂದ ಶುರುಮಾಡಿದ. ಅಲ್ಲಿಗೇ ನಿಂತಿತು. ಕಿಲೋಮೀಟರಿನ ಅಂಕಿ ಮಾತ್ರ ಉರುಳಿ ಹೊಸದಾಯಿತು. ನ್ಯಾಮತಿಯೂ ಹಿಂದೆ ಬಿದ್ದಿರಬೇಕು.

ಗೇರಿನಲ್ಲೇ ಬಿಟ್ಟು ಮೆಲ್ಲಗೆ ಇಳಿದ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಚಕ್ರ ಒಂದೇ ಸಮನೆ ತಿರುಗುತ್ತಿತ್ತು. ಅದರ ಗಾಳಿಗೆ ನೆಲದ ಧೂಳು ಸರಿದು, ನಿಂಬೆಹಣ್ಣು ಚೊಕ್ಕಟವಾಗಿ ಕಾಣುತ್ತಿತ್ತು. ಅದಕ್ಕೆ ಹಚ್ಚಿದ ಕುಂಕುಮವೂ ಕದಡಿರಲಿಲ್ಲ.