ಸೊಂಟ ಎಂದರೆ ಎಲ್ಲಿ

ಜವರಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಗ ಅಜಯನಿಗೆ ಬರುತ್ತಿತ್ತು. ಆಸ್ಪತ್ರೆಗಳಲ್ಲಿ ಅವಳ ಮಾತನ್ನೆಲ್ಲ ಅವನೇ ಆಡುತ್ತಿದ್ದ.

ಗುರುವಾರ ಅವಳ ಬೆನ್ನುಮೂಳೆಗೆ ಎರಡನೇ ಆಪರೇಷನ್. ಮೊದಲನೆಯದರಿಂದ ನೋವು ಒಂದಿಷ್ಟೂ ತಗ್ಗಿರಲಿಲ್ಲ. ಈ ಸಲವೂ ದೇಹ ತಡೆಯುತ್ತದೆ ಎಂದು ಒಬ್ಬ ಡಾಕ್ಟರ್ ಸಹಿ ಹಾಕಬೇಕಿತ್ತು. ಅದಕ್ಕೆಂದು ಮಂಗಳವಾರ ತಾಯಿ ಮಗ ಅಮೆರಿಕದ ರೆಡ್‌ವುಡ್ ಸಿಟಿಯ ಕ್ಲಿನಿಕ್ಕಿಗೆ ಬಂದಿದ್ದರು.

ಡಾಕ್ಟರ್ ಗಾರ್ಗಿ ಅಲ್ಲೇ ಹತ್ತಿರದ ಸರಟೋಗಾದಲ್ಲಿ ಹುಟ್ಟಿದವಳು. ಮೈಸೂರಿನ ಅಪ್ಪ ಅಮ್ಮನಿಂದ ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ತಡವರಿಸುತ್ತಿದ್ದಳು. ಎದೆ, ಬಿಪಿ ನೋಡಿ, ನಡೆಯಲು ಹೇಳಿದಳು. ಎಡಗಾಲು ಊರಿದಾಗಲೆಲ್ಲ ಜವರಮ್ಮನ ಮೈ ಎಡಕ್ಕೆ ವಾಲಿತು.

"ಎಲ್ಲಿ ನೋವು, ಆಂಟಿ?"

"ಸ್ವಾಂಟ ಕಣವ್ವ."

"ಬ್ಯಾಕ್ ಪೇನ್," ಎಂದ ಅಜಯ್. "ಎಲ್ಲಾ ರಿಪೋರ್ಟಲ್ಲಿದೆ ಡಾಕ್ಟರ್. ಸೈನ್ ಮಾಡಿದ್ರೆ ಸಾಕು, ಹನ್ನೊಂದಕ್ಕೆ ನಂಗೆ ಮೀಟಿಂಗಿದೆ."

"ಆಂಟಿ, ಕೈ ಇಟ್ಟು ತೋರಿಸಿ."

ಜವರಮ್ಮ ಮಗನ ಮುಖ ನೋಡಿದಳು. ಕೈ ಮೇಲೇಳಲಿಲ್ಲ.

"ನೀವು ಹೊರಗಿರಿ," ಗಾರ್ಗಿ ಅಜಯನಿಗೆ ಹೇಳಿದಳು.

"ಅವ್ರಿಗೆ ಇಂಗ್ಲಿಷ್ ಬರಲ್ಲ."

"ಗೊತ್ತು. ಹೊರಗಿರಿ."

ಬಾಗಿಲು ಮುಚ್ಚಿತು. ಜವರಮ್ಮ ಹೆಬ್ಬೆರಳನ್ನು ತೊಡೆಯ ಮುಂದಿನ ಮಡಿಕೆಗೆ, ಉಳಿದ ಬೆರಳುಗಳನ್ನು ಹಿಂದಕ್ಕೆ ಒತ್ತಿ ಹಿಡಿದಳು.

"ಇಲ್ಲಿ, ತೊಡೆ ಸಂದೀಲಿ. ಗಂಡ್ ಮಗನ್ ಮುಂದೆ ಇಲ್ಲಿಗ್ ಕೈ ಇಕ್ಕಿ ತೋರ್ಸಕ್ಕಾದದಾ?"

"ಸಾಕ್ಸ್ ನೀವೇ ಹಾಕ್ಕೋತೀರಾ?"

"ಬಲಗಾಲ್ಗೆ ನಾನೇ. ಎಡಗಾಲ್ಗೆ ಸೊಸೆ."

ಗಾರ್ಗಿ ಅವಳನ್ನು ಅಂಗಾತ ಮಲಗಿಸಿದಳು. ಎಡಗಾಲನ್ನು ನೆಟ್ಟಗೆ ಎತ್ತಿದರೆ ಬೆನ್ನಿಂದ ನೋವು ಹೊರಡಲಿಲ್ಲ. ಆಮೇಲೆ ಬಲಮಂಡಿ ಮಡಿಸಿ, ತೊಡೆಯನ್ನು ನೆಟ್ಟಗೆ ನಿಲ್ಲಿಸಿ, ಪಾದವನ್ನು ಹೊರಕ್ಕೆ ತಳ್ಳಿದಳು. ತೊಡೆ ಸಲೀಸಾಗಿ ಒಳಕ್ಕೆ ತಿರುಗಿತು. ಕೋನ ಅಳೆಯುವ ಪಟ್ಟಿಯಲ್ಲಿ ಮೂವತ್ತೈದು ಡಿಗ್ರಿ.

ಎಡಗಾಲು ಐದಕ್ಕೆ ನಿಂತಿತು. ಗಾರ್ಗಿ ಇನ್ನೊಂದು ಕೂದಲೆಳೆಯಷ್ಟು ತಳ್ಳಿದಳು.

"ಅಯ್ಯಪ್ಪಾ! ಬುಡವ್ವಾ!"

"ಬೆನ್ನು ನೋಯ್ತಾ?"

"ಬೆನ್ಗೇನಾಗದೆ? ಸ್ವಾಂಟ ಅಂದ್ನಲ್ಲ!"

ಅಜಯನನ್ನು ಒಳಗೆ ಕರೆದಳು. "ನಾನು ಸೈನ್ ಮಾಡಲ್ಲ. ಇದು ಹಿಪ್ಪು. ತೊಡೆಯ ಕೀಲು ಸವೆದಿದೆ."

"ಎಂಆರ್‌ಐಯಲ್ಲಿ ಡಿಸ್ಕ್ ಸವೆದಿದೆ ಅಂತ ತೋರ್ಸಿದ್ರಲ್ಲ?"

"ಅರವತ್ತೆಂಟಕ್ಕೆ ಯಾರದ್ದು ಸವೆದಿರಲ್ಲ? ಅವರ ಕಾಲನ್ನ ಯಾರಾದ್ರೂ ಹೀಗೆ ತಿರುಗಿಸಿ ನೋಡಿದ್ರಾ?"

"ಇಲ್ಲ. ನಾನು ಬ್ಯಾಕ್ ಅಂದೆ, ಅವ್ರು ಬ್ಯಾಕ್ ನೋಡಿದ್ರು." ಅವನ ದನಿ ಇಳಿಯಿತು. "ಸೊಂಟ ಅಂದ್ರೆ ಬ್ಯಾಕ್ ಅಲ್ವಾ?"

"ನಮ್ಮಜ್ಜಿ ಬ್ಯಾಕ್, ಹಿಪ್ ಎರಡಕ್ಕೂ ಸೊಂಟ ಅಂತಿದ್ರು."

ಜವರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಮಗನನ್ನು ನೋಡಿದಳು. "ಆಪೀಸಲ್ಲೂ ಹಿಂಗೇಯೇನ್ಲಾ ನೀನ್ ಕೆಲ್ಸ ಮಾಡಾದು?"

ಅಜಯ್ ಹನ್ನೊಂದರ ಮೀಟಿಂಗಿಗೆ ಹೋಗಲಿಲ್ಲ.

ಮಧ್ಯಾಹ್ನದ ಎಕ್ಸ್‌ರೇಯಲ್ಲಿ ಎಡತೊಡೆಯ ಕೀಲಿನ ನಡುವೆ ಸಂದೇ ಇರಲಿಲ್ಲ. ಮೂಳೆಗೆ ಮೂಳೆ ತಾಗಿತ್ತು. ಗುರುವಾರದ ಆಪರೇಷನ್ನನ್ನು ಅಜಯನೇ ಫೋನ್ ಮಾಡಿ ರದ್ದು ಮಾಡಿಸಿದ.

ನೋವು ಶುರುವಾದಾಗಿನಿಂದ ಅಷ್ಟರಲ್ಲಿ ಹೋಗಿದ್ದು ಹದಿನಾಲ್ಕು ತಿಂಗಳು, ಬೆನ್ನಿಗೆ ಮೂರು ಇಂಜೆಕ್ಷನ್, ಒಂದು ಆಪರೇಷನ್, ಎಡಗಾಲಿನ ತಿರುವಿನಲ್ಲಿ ಮೂವತ್ತು ಡಿಗ್ರಿ.